ಹೊಲದಲ್ಲಿ ದುಡಿಯೋರೆಲ್ಲ ರೈತರಾ?

'ರೈತ' ಅಂದ ತಕ್ಷಣ ನಿಮ್ಮ ಕಣ್ಮುಂದೆ ಯಾರು ಬರ್ತಾರೆ? ನನಗಂತೂ ಸ್ವಂತ ಹೊಲದಲ್ಲಿ, ಹೆಗಲ ಮೇಲೆ ಟವೆಲ್ ಹಾಕ್ಕೊಂಡು ನಿಂತಿರೋ ಗಂಡಸು. ಆದರೆ ಜನಗಣತಿ ಹೇಳೋ ಲೆಕ್ಕವೇ ಬೇರೆ.

ಅದರಲ್ಲಿ ಕೃಷಿಯವರನ್ನ ಮುಖ್ಯವಾಗಿ ಎರಡು ಗುಂಪು ಮಾಡ್ತಾರೆ. ಸ್ವಂತದ್ದೋ ಗುತ್ತಿಗೆದೋ, ಭೂಮಿ ಬೇಸಾಯ ಮಾಡೋರು ಸಾಗುವಳಿದಾರರು. ಬೇರೆಯವರ ಹೊಲದಲ್ಲಿ ಕೂಲಿಗೆ ದುಡಿಯೋರು ಕೃಷಿ ಕಾರ್ಮಿಕರು. 2001ರಲ್ಲಿ ದೇಶದಲ್ಲಿ ಸಾಗುವಳಿದಾರರು ಸುಮಾರು 12.7 ಕೋಟಿ, ಕಾರ್ಮಿಕರು 10.7 ಕೋಟಿ. 2011ಕ್ಕೆ ತಕ್ಕಡಿ ವಾಲಿತು: ಸಾಗುವಳಿದಾರರು 11.9 ಕೋಟಿ, ಕಾರ್ಮಿಕರು 14.4 ಕೋಟಿ. ಈ ಕಾರ್ಮಿಕರಲ್ಲಿ 6 ಕೋಟಿಗೂ ಹೆಚ್ಚು ಹೆಂಗಸರು.

ಇದು ಬರೀ ಹೆಸರಿನ ವ್ಯತ್ಯಾಸ ಅಲ್ಲ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಸಿಗೋದು ಭೂಮಿ ಇರೋ ಕುಟುಂಬಕ್ಕೆ. ನಮ್ಮ ದೊಡ್ಡಮ್ಮ ಮೂವತ್ತು ವರ್ಷ ಬೇರೆಯವರ ಗದ್ದೇಲಿ ನಾಟಿ ಮಾಡಿದ್ದಾರೆ, ಕಳೆ ಕಿತ್ತಿದ್ದಾರೆ. ಮನೇಲಿ ಯಾರ ಹೆಸರಲ್ಲೂ ಪಹಣಿ ಇಲ್ಲ, ಹಾಗಾಗಿ ಆ ದುಡ್ಡೂ ಇಲ್ಲ.

ಬಿ.ಕಾಂ.ನಲ್ಲಿ ಕಲಿತಿದ್ದೆ: ಯಾವ ಖಾತೆಗೆ ಬರೀತೀವಿ ಅನ್ನೋದೇ ಮುಖ್ಯ ಅಂತ. ಇಲ್ಲೂ ಅಷ್ಟೇ. ಮುಂದಿನ ಸಲ 'ರೈತರಿಗೆ ಹೊಸ ಯೋಜನೆ' ಅನ್ನೋ ಸುದ್ದಿ ಕಂಡಾಗ ಒಂದೇ ಒಂದು ಪ್ರಶ್ನೆ ಕೇಳಿ: ಪಹಣಿ ಇರೋರಿಗೆ ಮಾತ್ರನಾ, ಕೂಲಿಯವರಿಗೂನಾ?