ಒಂದೇ ಕಮಾಂಡ್‌ಗೆ ನೂರಾರು ಅಪರಿಚಿತರ ಕೋಡ್: ಓಪನ್ ಸೋರ್ಸ್ ಲೈಬ್ರರಿ ನಿಮ್ಮ ಲ್ಯಾಪ್‌ಟಾಪ್‌ಗೆ ಬರುವುದು ಹೇಗೆ?

ಹೈದರಾಬಾದ್: ಬೀದರ್, ಕಲಬುರಗಿ ಕಡೆ ಎಂಜಿನಿಯರಿಂಗ್ ಮುಗಿಸಿದವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಐಟಿ ಕೆಲಸ ಹುಡುಕಿ ಬಂದವರಲ್ಲಿ ಹಲವರು ಸೇರುವುದು ಗಚ್ಚಿಬೌಲಿಗೆ. ಇಲ್ಲಿ ವೆಬ್ ಡೆವಲಪರ್ ಆಗಿ ಸೇರಿದ ಫ್ರೆಶರ್ ಮೊದಲ ವಾರದಲ್ಲೇ ಮಾಡುವ ಕೆಲಸ ಒಂದಿದೆ. ಲ್ಯಾಪ್‌ಟಾಪ್‌ನಲ್ಲಿ 'ಎನ್‌ಪಿಎಂ ಇನ್‌ಸ್ಟಾಲ್' ಎಂದು ಟೈಪ್ ಮಾಡಿ ಎಂಟರ್ ಒತ್ತುವುದು. ಕೆಲವೇ ನಿಮಿಷಗಳಲ್ಲಿ ನೂರಾರು ಪ್ಯಾಕೇಜ್‌ಗಳು ಬಂದಿಳಿಯುತ್ತವೆ. ಅವನ್ನು ಬರೆದವರು ಯಾರು? ಯಾರಾದರೂ ಪರೀಕ್ಷಿಸಿದ್ದಾರಾ? ಎಚ್ಚರ ತಪ್ಪಿದರೆ ಏನಾಗುತ್ತದೆ? ಇಲ್ಲಿದೆ ಮಾಹಿತಿ.

ಏನಿದು ಡಿಪೆಂಡೆನ್ಸಿ?

ದಿನಾಂಕ ತೋರಿಸುವುದು, ಪಾಸ್‌ವರ್ಡ್ ಪರಿಶೀಲಿಸುವುದು ಮುಂತಾದ ಕೆಲಸಗಳಿಗೆ ಪ್ರತಿ ಸಲ ಹೊಸದಾಗಿ ಕೋಡ್ ಬರೆಯಬೇಕಿಲ್ಲ. ಯಾರೋ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟಿರುವ ಓಪನ್ ಸೋರ್ಸ್ ಲೈಬ್ರರಿ ಬಳಸಿದರೆ ಸಾಕು. ಆ ಲೈಬ್ರರಿಗೂ ಬೇರೆ ಲೈಬ್ರರಿಗಳು ಬೇಕಾಗಿರುತ್ತವೆ, ಅವಕ್ಕೆ ಮತ್ತಷ್ಟು. ಹೀಗೆ ಒಂದು ಇನ್ನೊಂದನ್ನು ನೆಚ್ಚಿಕೊಳ್ಳುವುದೇ ಡಿಪೆಂಡೆನ್ಸಿ. ನೀವು ಕೇಳಿದ್ದು ಹತ್ತೇ ಆದರೂ ಬರುವುದು ನೂರಾರು.

ಎಲ್ಲಿಂದ ಬರುತ್ತವೆ?

ಇವೆಲ್ಲ ಇರುವ ಉಗ್ರಾಣಕ್ಕೆ ರಿಜಿಸ್ಟ್ರಿ ಎನ್ನುತ್ತಾರೆ. ಜಾವಾಸ್ಕ್ರಿಪ್ಟ್‌ಗೆ ಎನ್‌ಪಿಎಂ, ಪೈಥಾನ್‌ಗೆ ಪೈಪಿಐ, ಜಾವಾಗೆ ಮೇವನ್ ಸೆಂಟ್ರಲ್ ಇವೆ. ಎನ್‌ಪಿಎಂ 2020ರಲ್ಲಿ ಗಿಟ್‌ಹಬ್ ತೆಕ್ಕೆಗೆ ಬಂತು. ಆ ಗಿಟ್‌ಹಬ್ 2018ರಿಂದ ಮೈಕ್ರೋಸಾಫ್ಟ್ ಒಡೆತನದಲ್ಲಿದೆ. ಗಚ್ಚಿಬೌಲಿಯಲ್ಲಿ ಮೈಕ್ರೋಸಾಫ್ಟ್‌ನ ದೊಡ್ಡ ಕ್ಯಾಂಪಸ್ಸೇ ಇದೆ.

ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳಲ್ಲಿ ಸ್ವಯಂಸೇವಕರು ಪ್ಯಾಕೇಜ್ ಸಿದ್ಧಪಡಿಸಿ, ಪರೀಕ್ಷಿಸಿದ ಮೇಲೆ ಅದು ಬಳಕೆದಾರರಿಗೆ ಸಿಗುತ್ತದೆ. ಎನ್‌ಪಿಎಂನಲ್ಲಿ ಹಾಗಲ್ಲ. ಖಾತೆ ಇದ್ದರೆ ಯಾರು ಬೇಕಾದರೂ ಪ್ಯಾಕೇಜ್ ಪ್ರಕಟಿಸಬಹುದು. ಇದರಿಂದಲೇ ಅದು ಇಷ್ಟು ವೇಗವಾಗಿ ಬೆಳೆಯಿತು. ಅಪಾಯ ಇರುವುದೂ ಇಲ್ಲೇ.

11 ಸಾಲಿನ ಕೋಡ್ ಮಾಡಿದ ರಾದ್ಧಾಂತ

2016ರ ಮಾರ್ಚ್ 22ರಂದು ಪ್ರೋಗ್ರಾಮರ್ ಒಬ್ಬರು ಹೆಸರಿನ ವಿವಾದದಿಂದ ಬೇಸತ್ತು ತಮ್ಮ ಪ್ಯಾಕೇಜ್‌ಗಳನ್ನೆಲ್ಲ ಎನ್‌ಪಿಎಂನಿಂದ ತೆಗೆದುಹಾಕಿದರು. ಅದರಲ್ಲಿ 'ಲೆಫ್ಟ್‌ಪ್ಯಾಡ್' ಎಂಬ ಬರೀ 11 ಸಾಲಿನ ಕೋಡ್ ಕೂಡ ಇತ್ತು. ಅದನ್ನು ನೆಚ್ಚಿಕೊಂಡಿದ್ದ ಪ್ರಾಜೆಕ್ಟ್‌ಗಳ ಬಿಲ್ಡ್ ಜಗತ್ತಿನಾದ್ಯಂತ ನಿಂತುಹೋಯಿತು. ಹಲವರಿಗೆ ಆ ಹೆಸರಿನ ಕೋಡ್ ತಮ್ಮಲ್ಲಿ ಇದೆ ಎಂಬುದೇ ಗೊತ್ತಿರಲಿಲ್ಲ. ಬಳಕೆಯಲ್ಲಿರುವ ಪ್ಯಾಕೇಜನ್ನು ಹೀಗೆ ಏಕಾಏಕಿ ಹಿಂಪಡೆಯಲು ಆಗದಂತೆ ಎನ್‌ಪಿಎಂ ಆಮೇಲೆ ನಿಯಮ ಬಿಗಿ ಮಾಡಿತು.

ಕಾಣೆಯಾದ ಕೋಡ್‌ಗಿಂತ ಕೆಟ್ಟದ್ದು ಕಲಬೆರಕೆಯಾದ ಕೋಡ್. 2025ರ ಸೆಪ್ಟೆಂಬರ್ 8ರಂದು ನಕಲಿ ಇಮೇಲ್ ನಂಬಿ ಡೆವಲಪರ್ ಒಬ್ಬರು ಲಾಗಿನ್ ವಿವರ ಕೊಟ್ಟುಬಿಟ್ಟರು. 'ಚಾಕ್', 'ಡಿಬಗ್' ಸೇರಿದಂತೆ ಅತಿ ಹೆಚ್ಚು ಬಳಕೆಯಲ್ಲಿರುವ ಪ್ಯಾಕೇಜ್‌ಗಳಿಗೆ ಕ್ರಿಪ್ಟೋ ಹಣ ಕದಿಯುವ ಕೋಡ್ ಸೇರಿಕೊಂಡಿತು. ಅದೇ ತಿಂಗಳು 'ಶಾಯ್ ಹುಲೂದ್' ಎಂಬ ವರ್ಮ್ 500ಕ್ಕೂ ಹೆಚ್ಚು ಪ್ಯಾಕೇಜ್‌ಗಳಿಗೆ ಹಬ್ಬಿತು. ಪ್ಯಾಕೇಜ್ ಇನ್‌ಸ್ಟಾಲ್ ಆಗುವಾಗಲೇ ಅದು ಚಾಲೂ ಆಗುತ್ತಿತ್ತು. ಡೆವಲಪರ್‌ನ ಕಂಪ್ಯೂಟರ್‌ನಲ್ಲಿದ್ದ ಗಿಟ್‌ಹಬ್, ಕ್ಲೌಡ್ ಕೀಗಳನ್ನು ಕದ್ದು, ಅವರದೇ ಖಾತೆಯಿಂದ ಬೇರೆ ಪ್ಯಾಕೇಜ್‌ಗಳಿಗೂ ಸೇರಿಕೊಳ್ಳುತ್ತಿತ್ತು. ಅಂದರೆ ಫ್ರೆಶರ್ ಒಬ್ಬರ ಲ್ಯಾಪ್‌ಟಾಪ್ ಮೂಲಕವೇ ಇಡೀ ಕಂಪನಿಯ ಬಾಗಿಲು ತೆರೆಯಬಹುದು.

ಲಾಕ್ ಫೈಲ್ ಏಕೆ ಬೇಕು?

ಕಿರಾಣಿ ಚೀಟಿಯಲ್ಲಿ 'ತೊಗರಿಬೇಳೆ' ಎಂದಷ್ಟೇ ಬರೆದರೆ ಅಂಗಡಿಯವರು ಇವತ್ತು ಇದ್ದದ್ದನ್ನು ಕೊಡುತ್ತಾರೆ. ಪ್ರಾಜೆಕ್ಟ್‌ನ ಡಿಪೆಂಡೆನ್ಸಿ ಪಟ್ಟಿಯೂ ಸಾಮಾನ್ಯವಾಗಿ 'ಈ ಆವೃತ್ತಿ ಅಥವಾ ಇದಕ್ಕಿಂತ ಹೊಸದು' ಎನ್ನುವ ಹಾಗೆ ಇರುತ್ತದೆ. ಹೀಗಾಗಿ ನಿನ್ನೆ ಬಂದ ಕೋಡೇ ಇವತ್ತೂ ಬರುತ್ತದೆ ಎನ್ನಲಾಗದು. ಲಾಕ್ ಫೈಲ್ ಇದ್ದರೆ ಪ್ರತಿ ಪ್ಯಾಕೇಜ್‌ನ ನಿಖರ ಆವೃತ್ತಿ ಮತ್ತು ಹ್ಯಾಶ್ ಎಂಬ 'ಬೆರಳಚ್ಚು' ದಾಖಲಾಗಿರುತ್ತದೆ. ಬೆರಳಚ್ಚು ಹೊಂದದಿದ್ದರೆ ಇನ್‌ಸ್ಟಾಲ್ ನಿಲ್ಲುತ್ತದೆ. ಆದರೆ ನೆನಪಿಡಿ, ಕೋಡ್ ಬದಲಾಗಿಲ್ಲ ಎಂದಷ್ಟೇ ಹ್ಯಾಶ್ ಹೇಳುತ್ತದೆ, ಕೋಡ್ ಒಳ್ಳೆಯದು ಎಂದಲ್ಲ.

ಅದಕ್ಕಾಗಿಯೇ ಅನೇಕ ಕಂಪನಿಗಳು ಆರ್ಟಿಫ್ಯಾಕ್ಟರಿ, ನೆಕ್ಸಸ್‌ನಂಥ ತಂತ್ರಾಂಶ ಬಳಸಿ ತಮ್ಮದೇ ಉಗ್ರಾಣ ಇಟ್ಟುಕೊಳ್ಳುತ್ತವೆ. ಹೊರಗಿನ ಪ್ಯಾಕೇಜ್ ಮೊದಲು ಅಲ್ಲಿಗೆ ಬರುತ್ತದೆ, ಉದ್ಯೋಗಿಗಳು ಅಲ್ಲಿಂದಲೇ ಪಡೆಯುತ್ತಾರೆ. ಹೊರಗಿನ ರಿಜಿಸ್ಟ್ರಿ ಕೈಕೊಟ್ಟರೂ ಕೆಲಸ ನಿಲ್ಲುವುದಿಲ್ಲ.

ಸರ್ಕಾರ ಏನು ಹೇಳುತ್ತದೆ?

2021ರ ಡಿಸೆಂಬರ್‌ನಲ್ಲಿ ಜಾವಾದ 'ಲಾಗ್4ಜೆ' ಲೈಬ್ರರಿಯಲ್ಲಿ ಗಂಭೀರ ದೋಷ ಪತ್ತೆಯಾದಾಗ, ಅದು ತಮ್ಮ ಯಾವ ಯಾವ ಸಾಫ್ಟ್‌ವೇರ್‌ನಲ್ಲಿದೆ ಎಂದು ಹುಡುಕುವುದೇ ಕಂಪನಿಗಳಿಗೆ ದೊಡ್ಡ ತಲೆನೋವಾಗಿತ್ತು. ಇದಕ್ಕೆ ಉತ್ತರ ಎಸ್‌ಬಿಒಎಂ. ಬಿಸ್ಕತ್ ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆದಿರುವಂತೆ ಸಾಫ್ಟ್‌ವೇರ್‌ನೊಳಗಿನ ಎಲ್ಲ ಘಟಕಗಳ ಪಟ್ಟಿ ಇದು. ಕೇಂದ್ರದ ಸಿಇಆರ್‌ಟಿ-ಇನ್ 2024ರ ಅಕ್ಟೋಬರ್‌ನಲ್ಲಿ ಈ ಬಗ್ಗೆ ಮಾರ್ಗಸೂಚಿ ಹೊರಡಿಸಿತು. 2025ರ ಜುಲೈನಲ್ಲಿ ಅದನ್ನು ವಿಸ್ತರಿಸಿತು.

ಇನ್ನೊಂದು ಬದಿಯೂ ಇದೆ. ಇಂಥ ಲೈಬ್ರರಿಗಳಲ್ಲಿ ಎಷ್ಟೋ ಒಬ್ಬಿಬ್ಬರ ಬಿಡುವಿನ ವೇಳೆಯ ದುಡಿಮೆ. ಬೆಂಗಳೂರಿನ ಜೆರೋಧಾ 2024ರಲ್ಲಿ ಓಪನ್ ಸೋರ್ಸ್ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನೀಡುವ ನಿಧಿ ಆರಂಭಿಸಿತು. ಉಚಿತವಾಗಿ ಪಡೆದು ದುಡಿಯುವ ಉಳಿದ ಕಂಪನಿಗಳೂ ಯೋಚಿಸಬೇಕಾದ ವಿಷಯವಿದು.

ಹೊಸಬರು ಏನು ಮಾಡಬೇಕು?

* ಪ್ಯಾಕೇಜ್ ಹೆಸರಿನ ಒಂದೊಂದು ಅಕ್ಷರವನ್ನೂ ನೋಡಿ. ಹೋಲುವ ಹೆಸರಿನ ನಕಲಿಗಳಿರುತ್ತವೆ. ಎಐ ಸೂಚಿಸಿದ ಹೆಸರಾದರೆ ರಿಜಿಸ್ಟ್ರಿಯಲ್ಲಿ ಖಚಿತಪಡಿಸಿಕೊಳ್ಳಿ.
* ಲಾಕ್ ಫೈಲನ್ನು ಕೋಡ್ ಜತೆಗೇ ಉಳಿಸಿ. ಅದರಲ್ಲಿ ಇದ್ದದ್ದನ್ನೇ ತರಿಸಲು 'ಎನ್‌ಪಿಎಂ ಸಿಐ' ಬಳಸಿ.
* ಇವತ್ತಷ್ಟೇ ಬಿಡುಗಡೆಯಾದ ಆವೃತ್ತಿಗೆ ಅವಸರ ಬೇಡ. ಭದ್ರತಾ ಅಪ್‌ಡೇಟ್ ಆದರೆ ತಡ ಬೇಡ.
* ಕೀ, ಪಾಸ್‌ವರ್ಡ್‌ಗಳನ್ನು ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಬರೆದಿಡಬೇಡಿ.
* ಸಣ್ಣ ಕೆಲಸಕ್ಕೆ ಹೊಸ ಪ್ಯಾಕೇಜ್ ಸೇರಿಸುವ ಮುನ್ನ ಯೋಚಿಸಿ. ಆ 11 ಸಾಲನ್ನು ನೀವೇ ಬರೆಯಬಹುದು.