ಒಡಹುಟ್ಟದ ತಂಗಿ: ದತ್ತುಸ್ವೀಕಾರದಲ್ಲಿ ಹಿರಿಯ ಮಕ್ಕಳ ಸ್ಥಾನವನ್ನು ಕುರಿತು

ದತ್ತುಸ್ವೀಕಾರವನ್ನು ಕುರಿತ ನಮ್ಮ ಸಭೆಗಳ ಬೋಧನೆಯು ಸಾಮಾನ್ಯವಾಗಿ ಎರಡು ಪಕ್ಷಗಳನ್ನು ಮಾತ್ರ ಕಾಣುತ್ತದೆ. ಸ್ವೀಕರಿಸುವ ತಂದೆತಾಯಿಗಳು ಒಂದು ಕಡೆ, ಸ್ವೀಕೃತವಾಗುವ ಮಗು ಇನ್ನೊಂದು ಕಡೆ. ಆದರೆ ಇಂದು ಅನೇಕ ಕುಟುಂಬಗಳಲ್ಲಿ ಮೂರನೆಯ ಪಕ್ಷವೊಂದಿದೆ. ಅದು ಆ ಮನೆಯಲ್ಲಿ ಮೊದಲೇ ಹುಟ್ಟಿ ಬೆಳೆಯುತ್ತಿರುವ ಮಕ್ಕಳದು. ಅಮೇರಿಕದಲ್ಲಿಯೋ ಯೂರೋಪಿನಲ್ಲಿಯೋ ನೆಲೆಸಿದ ಕುಟುಂಬವು ಕರ್ನಾಟಕದ ಒಂದು ಹೆಣ್ಣುಶಿಶುವನ್ನು ದತ್ತು ಪಡೆಯಲು ಬರುವಾಗ ಈ ಮಕ್ಕಳೂ ಜೊತೆಗೆ ಪ್ರಯಾಣ ಮಾಡುವುದುಂಟು. ಆ ಕುಟುಂಬ ಕನ್ನಡ ಮೂಲದ್ದಾಗಿದ್ದರೂ ಅಲ್ಲಿ ಹುಟ್ಟಿದ ಮಕ್ಕಳ ಪಾಲಿಗೆ ಇದು ಪರದೇಶವೇ. ಅವರು ಬರುವುದು ತಂಗಿಯನ್ನು ಕರೆದೊಯ್ಯಲು. ಈ ಮಕ್ಕಳು ದತ್ತುಸ್ವೀಕಾರದಲ್ಲಿ ಕೇವಲ ಪ್ರೇಕ್ಷಕರೋ, ಅಥವಾ ಅದರಲ್ಲಿ ನಿಜವಾದ ಪಾಲುಳ್ಳವರೋ? ಈ ಪ್ರಶ್ನೆಗೆ ಸತ್ಯವೇದದ ಬೆಳಕಿನಲ್ಲಿ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ. ಅದಕ್ಕೆ ಮುಂಚೆ ಮಗುವಿನ ದಾರಿಯನ್ನು ತಿಳಿಯುವುದು ಅಗತ್ಯ.

ಆಡೂರಿನಿಂದ ಹೊರಡುವ ದಾರಿ

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಆಡೂರಿನಂಥ ಗ್ರಾಮವೊಂದರಲ್ಲಿ ಯಾರೋ ಬಿಟ್ಟುಹೋದ ಶಿಶುವೊಂದು ದೊರೆಯಿತೆಂದು ಭಾವಿಸೋಣ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳೊಳಗೆ ಆ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. 1098 ಎಂಬ ಸಹಾಯವಾಣಿಗೆ ಕರೆ ಮಾಡಿದರೂ ಸಾಕು. ಸಮಿತಿಯು ಮಗುವನ್ನು ವಿಶೇಷ ದತ್ತು ಸಂಸ್ಥೆಯ ಆರೈಕೆಗೆ ಒಪ್ಪಿಸಿ, ಹೆತ್ತವರನ್ನು ಹುಡುಕಿಸುತ್ತದೆ. ಯಾರೂ ದೊರೆಯದಿದ್ದರೆ, ಎರಡು ವರ್ಷದೊಳಗಿನ ಮಗುವಾದಲ್ಲಿ ಎರಡು ತಿಂಗಳೊಳಗೆ, ಅದನ್ನು ದತ್ತಿಗೆ ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿಸುತ್ತದೆ. ಹೆತ್ತ ತಾಯಿಯೇ ಬಂದು ಮಗುವನ್ನು ಒಪ್ಪಿಸಿದರೆ ಆಕೆಗೆ ಮರುಚಿಂತನೆಗೆಂದು ಎರಡು ತಿಂಗಳ ಅವಕಾಶವಿದೆ.

ಇಲ್ಲಿ ಸಭಾಪಾಲಕರು ಗಮನಿಸಬೇಕಾದ ಮಾತೊಂದಿದೆ. ಹಳ್ಳಿಗಳಲ್ಲಿ ಇಂಥ ಶಿಶುವನ್ನು ಪಾಲಕರ ಮನೆಗೆ ತಂದೊಪ್ಪಿಸುವ ರೂಢಿ ಇನ್ನೂ ಅಳಿದಿಲ್ಲ. ಮಕ್ಕಳಿಲ್ಲದ ದಂಪತಿಗಳ ಕೈಗೆ ಅದನ್ನು ನೇರವಾಗಿ ಕೊಟ್ಟುಬಿಡುವುದು ಕರುಣೆಯ ಕೆಲಸವೆಂದು ತೋರಬಹುದು. ಆದರೆ ಕಾಯ್ದೆಯ 80ನೇ ಕಲಮಿನಂತೆ ಅದು ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಒಂದು ಲಕ್ಷ ರೂಪಾಯಿ ದಂಡಕ್ಕೂ ಗುರಿಯಾಗುವ ಅಪರಾಧ. ಹಣ ಕೈಬದಲಾದರೆ ಶಿಕ್ಷೆ ಇನ್ನೂ ಹೆಚ್ಚು. ಈ ಕಟ್ಟುನಿಟ್ಟಿಗೆ ಕಾರಣವುಂಟು. ವಿದೇಶಿ ದತ್ತಿನ ಹೆಸರಿನಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ನ್ಯಾಯವಾದಿ ಲಕ್ಷ್ಮೀಕಾಂತ ಪಾಂಡೆಯವರು ಬರೆದ ಪತ್ರವನ್ನೇ ಸರ್ವೋಚ್ಚ ನ್ಯಾಯಾಲಯವು ಅರ್ಜಿಯಾಗಿ ಸ್ವೀಕರಿಸಿ 1984ರಲ್ಲಿ ವಿವರವಾದ ನಿರ್ದೇಶನಗಳನ್ನು ನೀಡಿತು. 1990ರಲ್ಲಿ ಕೇಂದ್ರ ದತ್ತು ಪ್ರಾಧಿಕಾರ ರೂಪುಗೊಂಡಿತು. 1993ರ ಹೇಗ್ ಒಡಂಬಡಿಕೆಯನ್ನು ಭಾರತವು 2003ರಲ್ಲಿ ಅನುಮೋದಿಸಿತು. ಮಗುವಿಗೆ ಮೊದಲು ತನ್ನ ನಾಡಿನಲ್ಲಿಯೇ ಮನೆ ದೊರೆಯಬೇಕು, ಹೆತ್ತವರ ಒಪ್ಪಿಗೆಯನ್ನು ಹಣ ಕೊಟ್ಟು ಪಡೆಯಬಾರದು, ಮಗುವಿನ ಮೂಲದ ವಿವರಗಳನ್ನು ಜೋಪಾನ ಮಾಡಬೇಕು ಎಂಬಿವು ಅದರ ಮುಖ್ಯ ತತ್ತ್ವಗಳು. ಆದಕಾರಣ ಹೊರದೇಶದ ಕುಟುಂಬಗಳಿಗೆ ಹೋಗುವ ಮಕ್ಕಳಲ್ಲಿ ವಿಶೇಷ ಆರೈಕೆ ಬೇಕಾದವರೂ ವಯಸ್ಸಾದವರೂ ಹೆಚ್ಚಾಗಿರುತ್ತಾರೆ. 2022ರ ದತ್ತು ನಿಯಮಾವಳಿಯು, ಈಗಾಗಲೇ ಇಬ್ಬರು ಅಥವಾ ಹೆಚ್ಚು ಮಕ್ಕಳುಳ್ಳ ದಂಪತಿಗಳನ್ನು, ಸಂಬಂಧಿಕರ ದತ್ತು ಮುಂತಾದ ಸಂದರ್ಭಗಳ ಹೊರತು, ವಿಶೇಷ ಆರೈಕೆ ಬೇಕಾದ ಅಥವಾ ಸುಲಭವಾಗಿ ಮನೆ ದೊರೆಯದ ಮಕ್ಕಳಿಗಾಗಿ ಮಾತ್ರ ಪರಿಗಣಿಸುತ್ತದೆ. ಹೀಗಾಗಿ ತಂಗಿಯನ್ನು ಕಾಣಲು ಹೊರಟ ಅಕ್ಕ ಅಣ್ಣಂದಿರಿಗೆ ಎದುರಾಗುವುದು ಬಹುಶಃ ಶಸ್ತ್ರಚಿಕಿತ್ಸೆಯೋ ದೀರ್ಘಕಾಲದ ಶುಶ್ರೂಷೆಯೋ ಬೇಕಾದ ಮಗು.

ಇನ್ನೊಂದು ಸಂಗತಿಯು ನಮ್ಮ ಸಮುದಾಯಕ್ಕೇ ಸಂಬಂಧಿಸಿದ್ದು. ಬಹುಕಾಲ ಭಾರತದ ಕ್ರೈಸ್ತರಿಗೆ ದತ್ತು ಪಡೆಯುವ ಕಾನೂನೇ ಇರಲಿಲ್ಲ. 1956ರ ಕಾಯ್ದೆಯು ಹಿಂದೂಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಕ್ರೈಸ್ತ ದಂಪತಿಗಳು 1890ರ ಪಾಲಕರ ಮತ್ತು ಪಾಲ್ಯರ ಕಾಯ್ದೆಯಡಿ ‘ಪಾಲಕ’ರಾಗಬಹುದಿತ್ತೇ ಹೊರತು ತಂದೆತಾಯಿಗಳಾಗಲು ಬರುತ್ತಿರಲಿಲ್ಲ. ಮಗು ಪ್ರಾಪ್ತವಯಸ್ಕವಾದೊಡನೆ ಆ ಸಂಬಂಧ ಮುಗಿಯುತ್ತಿತ್ತು. ಆಸ್ತಿಯಲ್ಲಿ ಹಕ್ಕು ತಾನಾಗಿ ಬರುತ್ತಿರಲಿಲ್ಲ. ಪರದೇಶದಿಂದ ಬಂದವರೂ ಇದೇ ಕಾಯ್ದೆಯಡಿ ಮಗುವನ್ನು ‘ಪಾಲ್ಯ’ವಾಗಿ ಕೊಂಡೊಯ್ದು ತಮ್ಮ ದೇಶದಲ್ಲಿ ದತ್ತು ಮಾಡಿಕೊಳ್ಳುತ್ತಿದ್ದರು. ಅಂದರೆ ಧಾರವಾಡದ ಕ್ರೈಸ್ತನೂ ಸ್ವೀಡನ್ನಿನ ಕ್ರೈಸ್ತನೂ ನಮ್ಮ ನ್ಯಾಯಾಲಯದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು. 2000ದ ಬಾಲನ್ಯಾಯ ಕಾಯ್ದೆ ಮತ್ತು ಅದರ 2006ರ ತಿದ್ದುಪಡಿ ಈ ಗೋಡೆಯನ್ನು ಕೆಡವಿದವು. ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ 2014ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಯಾವ ಧರ್ಮದವರೇ ಆಗಲಿ ಈ ಕಾಯ್ದೆಯಡಿ ದತ್ತು ಪಡೆಯಬಹುದೆಂದು ಸ್ಪಷ್ಟಪಡಿಸಿತು. 2022ರ ಸೆಪ್ಟೆಂಬರಿನಿಂದ ದತ್ತಿನ ಆದೇಶವನ್ನು ನ್ಯಾಯಾಲಯದ ಬದಲು ಜಿಲ್ಲಾ ದಂಡಾಧಿಕಾರಿಗಳು ಹೊರಡಿಸುತ್ತಾರೆ. ಪಾಲಕತ್ವಕ್ಕೂ ಪುತ್ರತ್ವಕ್ಕೂ ಇರುವ ಅಂತರವನ್ನು ನಮ್ಮ ಹಿರಿಯರು ಬದುಕಿನಲ್ಲಿಯೇ ಅನುಭವಿಸಿದರು. ಪೌಲನ ಮಾತು ಅರ್ಥವಾಗಬೇಕಾದರೆ ಈ ಅಂತರವು ನೆನಪಿನಲ್ಲಿರಬೇಕು.

ಪುತ್ರಸ್ವೀಕಾರವೆಂಬ ಪದ

‘ಹುಯೋಥೆಸಿಯಾ’ ಎಂಬ ಗ್ರೀಕ್ ಪದವು ಹೊಸ ಒಡಂಬಡಿಕೆಯಲ್ಲಿ ಐದೇ ಸಲ ಬರುತ್ತದೆ. ಅವು ರೋಮಾಪುರದವರಿಗೆ 8:15, 8:23 ಮತ್ತು 9:4, ಗಲಾತ್ಯದವರಿಗೆ 4:5, ಎಫೆಸದವರಿಗೆ 1:5. ಮಗನ ಸ್ಥಾನದಲ್ಲಿ ಇರಿಸುವುದು ಎಂಬುದು ಅದರ ಅಕ್ಷರಾರ್ಥ. ರೋಮನ್ನರಲ್ಲಿ ದತ್ತು ಎಂಬುದು ಬಹುಮಟ್ಟಿಗೆ ವಾರಸುದಾರಿಕೆಯ ವ್ಯವಸ್ಥೆಯಾಗಿತ್ತು. ಕ್ರಿ.ಶ. 4ರಲ್ಲಿ ಔಗುಸ್ತನು ದತ್ತು ತೆಗೆದುಕೊಂಡ ತಿಬೇರಿಯನು ಆಗಲೇ ನಲವತ್ತು ದಾಟಿದವನು. ನಮ್ಮ ನಾಡಿನ ಇತಿಹಾಸವೂ ಇದಕ್ಕೆ ದೂರವಲ್ಲ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯಮಾಡದೆ ಹೋದದ್ದರಿಂದ ಯುದ್ಧವೇ ನಡೆದುದನ್ನು ಎಲ್ಲರೂ ಬಲ್ಲರು. ಅಲ್ಲಿಯೂ ಪ್ರಶ್ನೆಯಿದ್ದುದು ಗದ್ದುಗೆಗೆ ಗಂಡು ವಾರಸುದಾರನದು.

ಪೌಲನು ಈ ಪದವನ್ನು ಎತ್ತಿಕೊಂಡು ಅದರ ದಿಕ್ಕನ್ನೇ ಬದಲಿಸುತ್ತಾನೆ. ಆತನ ವಾದದಲ್ಲಿ ತಂದೆಗೆ ವಾರಸುದಾರನ ಕೊರತೆಯಿಲ್ಲ. ಏಕಜಾತ ಪುತ್ರನು ಇದ್ದಾನೆ. ಮಗನಿಲ್ಲದ ಮನೆಗೆ ಮಗನನ್ನು ತರುವುದಲ್ಲ, ಮಗನಿರುವ ಮನೆಗೆ ಇನ್ನೂ ಅನೇಕರನ್ನು ಸೇರಿಸಿಕೊಳ್ಳುವುದು ಇಲ್ಲಿಯ ದತ್ತು. ಗಲಾತ್ಯದವರಿಗೆ ಬರೆದ ಪತ್ರದ 3:28ರಲ್ಲಿ ಗಂಡು ಹೆಣ್ಣೆಂಬ ಭೇದ ಅಳಿದ ಮೇಲೆಯೇ 4:5ರ ಪುತ್ರಸ್ವೀಕಾರದ ಮಾತು ಬರುವುದರಿಂದ ಈ ಬಾಧ್ಯತೆ ಹೆಣ್ಣುಮಕ್ಕಳದೂ ಆಗಿದೆ. ರೋಮಾಪುರದವರಿಗೆ 8:29ರಲ್ಲಿ ಇದರ ಗುರಿಯು ಸ್ಪಷ್ಟವಾಗುತ್ತದೆ. ಮಗನು ಅನೇಕ ಸಹೋದರರಲ್ಲಿ ಜ್ಯೇಷ್ಠನಾಗಬೇಕು ಎಂಬುದೇ ಆ ಗುರಿ. ಹಾಗಾದರೆ ದತ್ತಿನಿಂದ ಹುಟ್ಟುವುದು ತಂದೆಮಕ್ಕಳ ಸಂಬಂಧವೊಂದೇ ಅಲ್ಲ, ಒಡಹುಟ್ಟಿನ ಸಂಬಂಧವೂ ಹೌದು. ನಮ್ಮ ಬೋಧನೆಯಲ್ಲಿ ಮರೆಯಾಗಿರುವುದು ಇದೇ.

‘ಒಡಹುಟ್ಟಿದವರು’ ಎಂಬ ಕನ್ನಡ ಪದವನ್ನೇ ನೋಡೋಣ. ಒಂದೇ ಒಡಲಿನಿಂದ ಹುಟ್ಟಿ ಬಂದವರೆಂಬ ಭಾವ ಅದರಲ್ಲಿದೆ. ಗ್ರೀಕಿನ ‘ಅದೆಲ್ಫೊಸ್’ ಎಂಬುದಕ್ಕೂ ಮೂಲದಲ್ಲಿ ಒಂದೇ ಗರ್ಭದವನೆಂದೇ ಅರ್ಥ. ಒಂದೇ ಗರ್ಭದಿಂದ ಹುಟ್ಟದ ಯೆಹೂದ್ಯರನ್ನೂ ಅನ್ಯಜನರನ್ನೂ ಆದಿಸಭೆಯು ಈ ಪದದಿಂದಲೇ ಕರೆಯಿತು. ದೀಕ್ಷಾಸ್ನಾನದ ನೀರನ್ನು ಸಭೆಯ ಗರ್ಭವೆಂದು ಪ್ರಾಚೀನ ಸಭೆ ಕಂಡದ್ದು ಈ ಹಿನ್ನೆಲೆಯಲ್ಲಿಯೇ. ಒಡಹುಟ್ಟದ ತಂಗಿಯನ್ನು ಒಡಹುಟ್ಟಿದವಳೆಂದು ಕರೆಯಲು ಕಲಿಯುವ ಮಗುವು ಸಭೆಯ ಮೂಲ ವ್ಯಾಕರಣವನ್ನೇ ಕಲಿಯುತ್ತಿರುತ್ತದೆ. ಕನ್ನಡದಲ್ಲಿ ಇನ್ನೂ ಒಂದು ವಿಶೇಷವಿದೆ. ಅಕ್ಕ, ಅಣ್ಣ, ತಂಗಿ, ತಮ್ಮ ಎಂಬ ಹೆಸರುಗಳು ಒಬ್ಬರಿಂದ ಇನ್ನೊಬ್ಬರಿಗೆ ಬರುವಂಥವು. ತಂಗಿ ಬರುವವರೆಗೆ ಯಾರೂ ಅಕ್ಕನಾಗುವುದಿಲ್ಲ. ದತ್ತಿನಿಂದ ಹೊಸ ಹೆಸರು ಪಡೆಯುವುದು ಶಿಶು ಮಾತ್ರವಲ್ಲ.

ಮಿರ್ಯಾಮಳೂ ಹಿರಿಯ ಮಗನೂ

ವಿಮೋಚನಕಾಂಡದ ಎರಡನೆಯ ಅಧ್ಯಾಯವು ಸತ್ಯವೇದದ ಪ್ರಸಿದ್ಧ ದತ್ತುಸ್ವೀಕಾರದ ಕಥೆ. ಅಲ್ಲಿ ಇಬ್ಬರು ತಾಯಂದಿರ ನಡುವೆ ನಿಂತವಳು ಒಬ್ಬ ಅಕ್ಕ. ಪರಂಪರೆಯು ಆಕೆಯನ್ನು ಮಿರ್ಯಾಮಳೆಂದು ಗುರುತಿಸುತ್ತದೆ. ಮಗುವಿಗೆ ಏನಾಗುವುದೋ ಎಂದು ಆಕೆ ದೂರದಲ್ಲಿ ನಿಂತು ಕಾದಳು. ಸರಿಯಾದ ಗಳಿಗೆಯಲ್ಲಿ ಫರೋಹನ ಮಗಳೊಡನೆ ಮಾತಾಡಿ, ಹೆತ್ತ ತಾಯಿಯೇ ಹಾಲೂಡಿಸುವಂತೆ ಮಾಡಿದಳು. ಮೋಶೆ ಅರಮನೆಯಲ್ಲಿ ಬೆಳೆದರೂ ದೊಡ್ಡವನಾದಾಗ ಸ್ವಜನರ ಬಳಿಗೆ ಹೋದನು. ದತ್ತು ಮಗನಿಗೆ ತನ್ನ ಮೂಲವು ಅಳಿದುಹೋಗಲಿಲ್ಲ. ಅದು ದ್ರೋಹವೂ ಆಗಲಿಲ್ಲ. ಇಂದಿನ ನಿಯಮಾವಳಿಯೂ ವಯಸ್ಕನಾದ ದತ್ತುಮಗನಿಗೆ ತನ್ನ ಮೂಲವನ್ನು ಅರಸಲು ದಾರಿ ಇಟ್ಟಿದೆ. ಆ ನೆನಪನ್ನು ಕಾಯುವವಳು ಅಕ್ಕ ಎಂಬುದು ಈ ಕಥೆಯ ಸೂಕ್ಷ್ಮ.

ಲೂಕ 15ರಲ್ಲಿ ಇದಕ್ಕೆ ವಿರುದ್ಧವಾದ ಚಿತ್ರವಿದೆ. ಹಿರಿಯ ಮಗನು ತಂದೆಯೊಡನೆ ಮಾತಾಡುವಾಗ ತಮ್ಮನನ್ನು ‘ನಿನ್ನ ಮಗ’ ಎನ್ನುತ್ತಾನೆ. ತಂದೆಯು ಅದನ್ನು ‘ನಿನ್ನ ತಮ್ಮ’ ಎಂದು ತಿದ್ದುತ್ತಾನೆ. ತಂದೆಯ ಮನೆ ತೆರೆದಿದ್ದರೂ ಅಣ್ಣನ ಮನಸ್ಸು ಮುಚ್ಚಿದ್ದರೆ ಹಬ್ಬವು ಪೂರ್ಣವಾಗದು. ದತ್ತುಸ್ವೀಕಾರವಾದ ಮನೆಯಲ್ಲಿ ಹಿರಿಯ ಮಗುವಿನ ಒಲವು ಒಂದು ಅಲಂಕಾರವಲ್ಲ, ಅದು ಆ ಸಂಬಂಧದ ಒಂದು ಅಂಗ.

ಕಾರ್ಲ್ ಬಾರ್ತ್ ತನ್ನ ಸಭಾ ಸಿದ್ಧಾಂತಶಾಸ್ತ್ರದ 1953ರ ಸಂಪುಟದಲ್ಲಿ, ದೂರದೇಶಕ್ಕೆ ಹೊರಟವನು ದೇವಕುಮಾರನೇ ಎಂದು ಈ ಸಾಮ್ಯದ ಮಾತನ್ನೇ ಕ್ರಿಸ್ತನಿಗೆ ಅನ್ವಯಿಸಿದನು. ಮನೆಯಲ್ಲಿ ಉಳಿದು ಮುನಿಯದೆ, ತಾನೇ ಎದ್ದು ಹೊರಟ ಜ್ಯೇಷ್ಠನು ಆತನು. ಇಬ್ರಿಯರಿಗೆ 2:11ರಂತೆ ನಮ್ಮನ್ನು ಸಹೋದರರೆನ್ನಲು ಆತನು ನಾಚಲಿಲ್ಲ. ತಂಗಿಗಾಗಿ ಪ್ರಯಾಣ ಬೆಳೆಸುವ ಮಕ್ಕಳಲ್ಲಿ ಇದರ ಒಂದು ಚಿಕ್ಕ ಛಾಯೆಯನ್ನು ಕಾಣಬಹುದು. ಆದರೆ ಹೋಲಿಕೆಗೆ ಮೇರೆಯಿದೆ. ಶಿಶುವು ದುಂದುಗಾರ ಮಗನಲ್ಲ. ಬರುವ ಕುಟುಂಬವು ರಕ್ಷಕನೂ ಅಲ್ಲ. ಶಿಶುವಿನ ಕಣ್ಣಿನಲ್ಲಿ ದೂರದೇಶದವರು ಬಂದವರೇ. ಅದರ ಪಾಲಿಗೆ ಮನೆಯೆಂದರೆ ಹಾಲು ಕುಡಿಸಿ ಮಲಗಿಸಿದ ಆಯಾ, ಆಕೆಯ ಕನ್ನಡದ ದನಿ, ಆ ಕೋಣೆಯ ವಾಸನೆ. ದೇವಕುಮಾರನು ನಮ್ಮಲ್ಲಿಗೆ ಬಂದಾಗ ನಮ್ಮ ಭಾಷೆಯನ್ನೇ ಕಲಿತನೆಂಬುದನ್ನು ಮರೆಯಬಾರದು.

ಪಾಲನಾ ಸೇವೆಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಹಿರಿಯ ಮಕ್ಕಳನ್ನು ಸತ್ಯದಿಂದ ಸಿದ್ಧಪಡಿಸಬೇಕು. ನಗುತ್ತ ತೋಳಿಗೆ ಬರುವ ತಂಗಿಯನ್ನು ಎದುರುನೋಡಿದ ಮಗುವಿಗೆ, ದಿನಗಟ್ಟಲೆ ಆಯಾಳಿಗಾಗಿ ಅಳುವ, ತನ್ನನ್ನು ಕಂಡು ಮುಖ ತಿರುಗಿಸುವ ಶಿಶು ಸಿಕ್ಕಬಹುದು. ಅದು ಕೃತಘ್ನತೆಯಲ್ಲ, ದುಃಖ. ರೋಮಾಪುರದವರಿಗೆ 8:15ರಲ್ಲಿ ಪುತ್ರಸ್ವೀಕಾರವು ಈಗಾಗಲೇ ದೊರೆತದ್ದು; 8:23ರಲ್ಲಿ ಅದಕ್ಕಾಗಿ ನರಳುತ್ತ ಕಾಯುತ್ತೇವೆ. ಆದೇಶಪತ್ರ ಒಂದು ದಿನದಲ್ಲಿ ಸಹಿಯಾಗುತ್ತದೆ, ಆದರೆ ಒಡಹುಟ್ಟು ಬೇರೂರಲು ವರುಷಗಳು ಬೇಕು. ವಿದೇಶಕ್ಕೆ ಹೋದ ಮಗುವಿನ ಬಗ್ಗೆ ಎರಡು ವರ್ಷಗಳವರೆಗೆ ವರದಿಗಳು ಬರುತ್ತಿರಬೇಕೆಂದು ಕಾನೂನೇ ವಿಧಿಸಿರುವಾಗ, ಸಭೆಯ ತಾಳ್ಮೆ ಅದಕ್ಕಿಂತ ಕಡಿಮೆಯಾಗಬಾರದು.

ಎರಡನೆಯದಾಗಿ, ಹಿರಿಯ ಮಕ್ಕಳ ಅಂಜಿಕೆ ಮತ್ತು ಅಸೂಯೆಗೆ ಮಾತಾಡುವ ಸ್ಥಳ ಬೇಕು. ಲೂಕನ ಕಥೆಯಲ್ಲಿ ತಂದೆಯು ಹಿರಿಯವನನ್ನು ಗದರಿಸಲಿಲ್ಲ. ಹೊರಗೆ ಬಂದು ಬೇಡಿಕೊಂಡನು.

ಮೂರನೆಯದಾಗಿ, ಶಿಶುವಿನ ಪೂರ್ವಕಥೆಯು ಶಿಶುವಿನದೇ. ಅದು ಎಲ್ಲಿ ಸಿಕ್ಕಿತು, ಯಾರು ಬಿಟ್ಟರು ಎಂಬುದನ್ನು ಸಾಕ್ಷಿಯ ಹೆಸರಿನಲ್ಲಿ ವೇದಿಕೆಯ ಮೇಲೆ ಹೇಳಿಸಬಾರದು. ಮಿರ್ಯಾಮಳಂತೆ ಅಕ್ಕ ಅಣ್ಣಂದಿರು ಅದನ್ನು ಕಾದಿಡಲಿ. ತಂಗಿ ಕೇಳಿದ ದಿನ ಮರೆಮಾಚದೆ ಹೇಳಲಿ.

ನಾಲ್ಕನೆಯದಾಗಿ, ನಮ್ಮ ನಾಡಿನ ಸಭೆಗಳು ತಮ್ಮ ಪಾಲನ್ನು ಅರಿಯಬೇಕು. ಕಾನೂನಿನ ಗೋಡೆ ಬಿದ್ದು ವರುಷಗಳಾದರೂ, ವಿಶೇಷ ಆರೈಕೆ ಬೇಕಾದ ಮಗುವಿಗೆ ಹತ್ತಿರದಲ್ಲಿ ಮನೆ ದೊರೆಯದೆ ಸಮುದ್ರದಾಚೆಗೆ ಹುಡುಕಬೇಕಾಗಿ ಬರುವುದು ನಮ್ಮನ್ನು ಚಿಂತನೆಗೆ ಹಚ್ಚಬೇಕು. ಬಡತನಕ್ಕೋ ಅಪಮಾನಕ್ಕೋ ಅಂಜಿ ತಾಯಿಯೊಬ್ಬಳು ಮಗುವನ್ನು ಬಿಡುವ ಮುಂಚೆ ಆಕೆಯ ಜೊತೆ ನಿಲ್ಲುವುದು ದತ್ತಿಗಿಂತ ಮೊದಲಿನ ಸೇವೆ.

ದತ್ತು ಶಿಶುವಿನ ದೀಕ್ಷಾಸ್ನಾನದ ಆರಾಧನೆಯಲ್ಲಿ ಅಕ್ಕ ಅಣ್ಣಂದಿರನ್ನೂ ತಂದೆತಾಯಿಗಳ ಪಕ್ಕದಲ್ಲಿ ನಿಲ್ಲಿಸಿ, ಅವರ ವಯಸ್ಸಿಗೆ ತಕ್ಕ ಪ್ರಶ್ನೆಯೊಂದನ್ನು ಕೇಳಿ ಉತ್ತರ ಪಡೆಯುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ. ಅದೇ ಆರಾಧನೆಯ ವಿಜ್ಞಾಪನಾ ಪ್ರಾರ್ಥನೆಯಲ್ಲಿ, ಎಲ್ಲಿದ್ದಾಳೆಂದು ತಿಳಿಯದ ಹೆತ್ತ ತಾಯಿಯನ್ನೂ, ಮಗುವನ್ನು ಎತ್ತಿ ಆಡಿಸಿ ಬೀಳ್ಕೊಟ್ಟ ಆಯಾಳನ್ನೂ ಸಭೆಯು ಸ್ಮರಿಸಲಿ.