ನಿಮಗಿದು ಗೊತ್ತೆ? ಶ್ರೀರಂಗಪಟ್ಟಣದ ಕವಾಯತು ಪುಸ್ತಕ

ಕತ್ತಿವರಸೆಯನ್ನು ಪುಸ್ತಕ ನೋಡಿ ಕಲಿಯಬಹುದೆ? ಚೀನಾದ ಕ್ರೀಡಾ ಆಯೋಗ 1957ರಲ್ಲಿ ತೈ ಚಿ ಖಡ್ಗಾಭ್ಯಾಸವನ್ನು 32 ವರಸೆಗಳಿಗೆ ಇಳಿಸಿತು. ಅದನ್ನು ಕಲಿಸುವ ಪುಸ್ತಕಗಳಲ್ಲಿ ಕೈಕಾಲು ಯಾವ ಕಡೆ ಸಾಗಬೇಕೆಂದು ಚಿತ್ರದ ಮೇಲೆಯೇ ಬಾಣದ ಗುರುತು ಹಾಕಿರುತ್ತಾರೆ.

ಯುದ್ಧದ ತಾಲೀಮನ್ನು ಪುಸ್ತಕಕ್ಕಿಳಿಸುವ ಕೆಲಸ ನಮ್ಮ ಮಂಡ್ಯ ಸೀಮೆಯ ಶ್ರೀರಂಗಪಟ್ಟಣದಲ್ಲಿ 18ನೇ ಶತಮಾನದಲ್ಲೇ ನಡೆದಿತ್ತು! ಟಿಪ್ಪು ಸುಲ್ತಾನನ ಆಜ್ಞೆಯಂತೆ ಜೈನುಲ್ ಅಬಿದೀನ್ ಶುಸ್ತರಿ ಪರ್ಷಿಯನ್ ಭಾಷೆಯಲ್ಲಿ ಬರೆದ ಸೈನಿಕ ಕೈಪಿಡಿಯ ಹೆಸರು ‘ಫತಹುಲ್ ಮುಜಾಹಿದೀನ್’. ಸೇನೆಯ ರಚನೆ, ಕವಾಯತು, ರಾಕೆಟ್ ಪಡೆ ಎಲ್ಲವೂ ಅದರಲ್ಲಿವೆ. ಟಿಪ್ಪುವಿನ ಖಡ್ಗದಷ್ಟೇ ಈ ಪುಸ್ತಕವೂ ಹೆಸರಾಗಬೇಕಿತ್ತು.

ಕವಾಯತಿನ ಫ್ರೆಂಚ್ ಪದಗಳು ಹೋಗಿ ಪರ್ಷಿಯನ್, ತುರ್ಕಿ ಪದಗಳು ಬಂದದ್ದೂ ಟಿಪ್ಪುವಿನ ಕಾಲದಲ್ಲೇ. ಫ್ರೆಂಚ್ ಎಲ್ಲಿಂದ ಬಂತು ಎನ್ನುತ್ತೀರಾ? ಮೈಸೂರಿನ ಪರವಾಗಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದು ಪಕ್ಕದ ಪಾಂಡವಪುರದಲ್ಲಿ. ಆ ಊರಿಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂದದ್ದೇ ಅದರಿಂದ.

ಟಿಪ್ಪು ಪುಸ್ತಕ ಬರೆಸಿದ್ದಷ್ಟೇ ಅಲ್ಲ, ಕೂಡಿಟ್ಟಿದ್ದ ಕೂಡ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಅವನ ಅರಮನೆಯ ಗ್ರಂಥಾಲಯದಲ್ಲಿ ಸುಮಾರು 2000 ಹಸ್ತಪ್ರತಿಗಳಿದ್ದವು. ಅವು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದವು. ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಅವುಗಳ ವಿವರಣಾತ್ಮಕ ಸೂಚಿಯನ್ನು ಕೇಂಬ್ರಿಜ್‌ನಲ್ಲಿ ಅಚ್ಚು ಹಾಕಿಸಿದ.